ಪ್ರಮಾಣಿಸಿ ನೋಡು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣು ಮೋಸಹೋಗಬಹುದು, ಕಿವಿ ತಪ್ಪಾಗಿ ಕೇಳಬಹುದು. ಆದುದರಿಂದ ಕಂಡುದನ್ನೂ ಒರೆಗೆ ಹಚ್ಚಬೇಕೆಂಬ ವಿವೇಕ ಅದರಲ್ಲಿ ಅಡಗಿದೆ. ಭೂತ, ಭಾನಾಮತಿ, ಪವಾಡಗಳ ಮಾತು ಬಂದಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ‘ಇವು ಇಲ್ಲವೆಂದು ವಿಜ್ಞಾನವು ಸಿದ್ಧಪಡಿಸಿದೆಯೇ? ಇಲ್ಲವಷ್ಟೆ! ಹಾಗಾದರೆ ಇವು ಉಂಟು’ ಎಂದು ಹಲವರು ವಾದಿಸುತ್ತಾರೆ. ಈ ವಾದ ಎಷ್ಟರಮಟ್ಟಿಗೆ ಸರಿ?

ವಿಜ್ಞಾನಕ್ಕೆ ಮಿತಿಯುಂಟು ಎಂಬುದು ನಿಜ. ವಿಜ್ಞಾನಿಗಳೂ ಎಡವಿದ್ದಾರೆ. ಆಕಾಶದಿಂದ ಕಲ್ಲುಗಳು ಬೀಳುತ್ತವೆಂದು ಹಳ್ಳಿಗರು ಹೇಳಿದಾಗ, ಹದಿನೆಂಟನೆಯ ಶತಮಾನದ ಯೂರೋಪಿನ ಅನೇಕ ಪಂಡಿತರು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದರು. ಅವು ಅಂತರಿಕ್ಷದಿಂದಲೇ ಬರುತ್ತವೆಂದು 1794ರಲ್ಲಿ ಕ್ಲಾಡ್ನಿ ಎಂಬ ಜರ್ಮನ್ ವಿದ್ವಾಂಸನು ಬರೆದಾಗಲೂ ನಂಬಿದವರು ವಿರಳ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಪಟ್ಟಣದ ಬಳಿ ಸಾವಿರಾರು ಕಲ್ಲುಗಳು ಸುರಿದವು. ಬಿಯೋ ಎಂಬ ತರುಣ ವಿಜ್ಞಾನಿಯು ಅಲ್ಲಿಗೆ ಹೋಗಿ, ಬೇರೆಬೇರೆ ಊರು, ಕಸುಬುಗಳ ಸಾಕ್ಷಿಗಳನ್ನು ವಿಚಾರಿಸಿ, ಕಲ್ಲುಗಳನ್ನು ಪರೀಕ್ಷಿಸಿ ವರದಿ ಒಪ್ಪಿಸಿದನು. ಪಂಡಿತರ ಅಭಿಪ್ರಾಯ ಬದಲಾಯಿತು.

ಇಲ್ಲಿ ಗೆದ್ದವರು ಹಳ್ಳಿಗರೇ ಸರಿ. ಆದರೆ ಅವರನ್ನು ಗೆಲ್ಲಿಸಿದ್ದು ಯಾವುದು? ಕೈಯಲ್ಲಿ ಹಿಡಿದು ತೂಗಬಹುದಾದ ಕಲ್ಲು. ವಿಜ್ಞಾನದ ತಪ್ಪನ್ನು ತಿದ್ದಿದ್ದು ಹೊಸ ಪ್ರಮಾಣವೇ ಹೊರತು ಬರಿಯ ನಂಬಿಕೆಯಲ್ಲ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು, ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿಯನ್ನು ರಚಿಸಿದರು. ‘ಪರೀಕ್ಷಿಸಬಹುದಾದ’ ಎಂಬ ಮಾತು ಗಮನಾರ್ಹವಾದುದು. ಪರೀಕ್ಷೆಗೆ ನಿಲುಕದುದರ ಬಗ್ಗೆ ವಿಜ್ಞಾನವು ತೀರ್ಪು ನೀಡಲಾರದು. ಊರ ಕೆರೆಯಲ್ಲಿ ಯಾರ ಕಣ್ಣಿಗೂ ಬೀಳದ, ಯಾವ ಬಲೆಗೂ ಸಿಕ್ಕದ ಮೀನೊಂದಿದೆಯೆಂದು ಒಬ್ಬನು ಹೇಳಿದರೆ, ಇಲ್ಲವೆಂದು ಸಿದ್ಧಪಡಿಸುವುದು ಯಾರಿಂದಲೂ ಆಗದು. ಹಾಗೆಂದು ಆ ಮೀನನ್ನು ನಂಬಿ ಒಲೆ ಹೊತ್ತಿಸುವವರುಂಟೇ? ಉಂಟೆನ್ನುವವನೇ ಅದನ್ನು ತೋರಿಸಬೇಕು.

ಇದು ಕೇವಲ ತರ್ಕದ ಮಾತಲ್ಲ, ಪ್ರಾಣದ ಮಾತು. ಹಾವು ಕಚ್ಚಿದವನನ್ನು ಇಂದಿಗೂ ಕೆಲವರು ಮಂತ್ರಗಾರನ ಬಳಿಗೆ ಒಯ್ಯುತ್ತಾರೆ. ನಮ್ಮ ನಾಡಿನ ಹೆಚ್ಚಿನ ಜಾತಿಯ ಹಾವುಗಳು ಮನುಷ್ಯನಿಗೆ ಅಪಾಯಕಾರಿಯಲ್ಲ. ವಿಷದ ಹಾವು ಕೂಡ ಕೆಲವೊಮ್ಮೆ ವಿಷವನ್ನಿಳಿಸದೆ ಕಚ್ಚುತ್ತದೆ. ಅಂತಹವನು ಬದುಕಿದರೆ ಕೀರ್ತಿ ಮಂತ್ರಕ್ಕೆ. ವಿಷವೇರಿ ಸತ್ತರೆ ದೋಷ ಹಣೆಬರಹಕ್ಕೆ. ಗೆಲುವನ್ನು ಮಾತ್ರ ಲೆಕ್ಕವಿಡುವ ಈ ವಿದ್ಯೆ ಎಂದಿಗೂ ಸೋಲದು, ಸೋಲುವವನು ರೋಗಿ. ಆಸ್ಪತ್ರೆಯಲ್ಲಿ ದೊರೆಯುವ ಪ್ರತಿವಿಷದ ಗುಣವಾದರೋ ಪರೀಕ್ಷೆಯಿಂದ ತಿಳಿದುದು.

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಸೇರಿಸಲಾಯಿತು. ಈ ಮನೋಭಾವವೆಂದರೆ ಎಲ್ಲವನ್ನೂ ಅಲ್ಲಗಳೆಯುವ ಹಟವಲ್ಲ. ತಿಳಿಯದುದನ್ನು ‘ತಿಳಿಯದು’ ಎನ್ನುವ ಪ್ರಾಮಾಣಿಕತೆ ಅದರ ಮೊದಲ ಲಕ್ಷಣ. ತಿಳಿಯದುದರ ಹೆಸರಿನಲ್ಲಿ ಯಾರೇ ಏನನ್ನೇ ಮಾರಲು ಬಂದರೂ ಪ್ರಮಾಣ ಕೇಳುವ ಧೈರ್ಯ ಅದರ ಎರಡನೆಯ ಲಕ್ಷಣ. ಇವೆರಡೂ ಕೂಡಿದಲ್ಲಿ ಹಿರಿಯರ ಗಾದೆ ಸಾರ್ಥಕವಾಗುತ್ತದೆ.