ಪರಭಾಷೆಯ ತಾಣಕ್ಕೆ ನಮ್ಮ ಪಂಕ್ತಿಯಲ್ಲಿ ಎಲೆ ಹಾಕಬೇಕೇ?

ಕಳೆದ ತಿಂಗಳು ಗುರುಮಠಕಲ್ಲಿನ ಒಂದು ಚಹಾದಂಗಡಿಯ ಮುಂದೆ ನಡೆದ ವಾದವನ್ನು ಓದುಗರ ಮುಂದಿಡುತ್ತಿದ್ದೇನೆ. ಕಾರಣ ಸಣ್ಣದು. ಕಾಲೇಜಿನಲ್ಲಿ ಓದುತ್ತಿರುವ ಹುಡುಗನೊಬ್ಬ ಕನ್ನಡ ವಿಕಿಪೀಡಿಯಕ್ಕೆಂದು ‘ರೇಖ್ತಾ’ ಎಂಬ ಉರ್ದು ಕಾವ್ಯದ ಜಾಲತಾಣದ ಮೇಲೆ ಲೇಖನವೊಂದನ್ನು ಬರೆಯತೊಡಗಿದ್ದ. ಅದನ್ನು ಕೇಳಿದ ನಿವೃತ್ತ ಕನ್ನಡ ಮಾಸ್ತರರೊಬ್ಬರು, “ಕನ್ನಡದ ವಿಶ್ವಕೋಶದಾಗ ಪರಭಾಷೆಯ ತಾಣಕ್ಕೇನು ಕೆಲಸಪ್ಪಾ?” ಎಂದರು. “ಲಕ್ಷಗಟ್ಟಲೆ ಮಂದಿ ನೋಡ್ತಾರ್ರೀ ಸರ್, ಅಷ್ಟು ಸಾಲದೇನ್ರಿ?” ಎಂದ ಹುಡುಗ. ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರದೂ ತಪ್ಪು ಎಂದೆ. ವಿವರಿಸುವುದರೊಳಗೆ ಯಾದಗಿರಿಯ ಬಸ್ಸು ಬಂದುಬಿಟ್ಟಿತು. ಅಂದು ಉಳಿದುದನ್ನು ಇಲ್ಲಿ ಹೇಳುತ್ತೇನೆ.

ಮಾಸ್ತರರ ಮಾತಿನ ಹಿಂದೆ ಒಂದು ಹಳೆಯ ನೋವುಂಟು. ಅದನ್ನು ಹಗುರಾಗಿ ಕಾಣಲಾರೆ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ಓದಿನ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಲಿಸುತ್ತಿದ್ದುದೂ ಉರ್ದುವಿನಲ್ಲಿಯೇ. ಕನ್ನಡವು ಅಡಿಗೆಮನೆ ಮತ್ತು ಭಜನೆಯ ಗುಡಿಗಳಲ್ಲಿ ಜೀವ ಹಿಡಿದುಕೊಂಡಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಮೇಲಷ್ಟೇ ಅದು ತಲೆಯೆತ್ತಿ ಕಚೇರಿಯ ಮೆಟ್ಟಿಲು ಹತ್ತಿತು. ಇಷ್ಟನ್ನು ಕಂಡುಂಡವರು ಉರ್ದು ಎಂದೊಡನೆ ಹುಬ್ಬು ಗಂಟಿಕ್ಕಿದರೆ ಅಚ್ಚರಿಯಿಲ್ಲ. ಆದರೆ ಹೇರಿದ್ದು ಒಂದು ಸರಕಾರ. ಗಜಲು ಬರೆದ ಕವಿಯಲ್ಲ.

ಇನ್ನೊಂದು ಮಾತನ್ನು ಮಾಸ್ತರರು ಕ್ಷಮಿಸಬೇಕು. ಫೇಸ್‌ಬುಕ್ಕಿನ ಮೇಲೆ ಕನ್ನಡದಲ್ಲಿ ಬರೆದಾಗ ‘ಪರಭಾಷೆಯದು’ ಎಂದು ಯಾರೂ ತಡೆದುದನ್ನು ನಾನು ಕಾಣೆ. ಅಮೆರಿಕೆಯದಾದರೆ ಅದು ಪ್ರಪಂಚದ್ದು; ಪಕ್ಕದ ಮನೆಯಲ್ಲಿ ದಿನಬೆಳಗಾದರೆ ಕೇಳಿಬರುವ ನುಡಿಯದಾದರೆ ಪರಭಾಷೆಯದು! ಇದೆಂಥ ಅಳತೆ? ತೆಲಂಗಾಣದ ಗಡಿಗೆ ಅಂಟಿಕೊಂಡ ಗುರುಮಠಕಲ್ಲಿನ ಸಂತೆಯಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಬೆರೆತು ವ್ಯಾಪಾರ ನಡೆಯುತ್ತದೆ. ನಮ್ಮ ಅರ್ಜಿ, ಜಮೀನು, ವಕೀಲ, ತಹಶೀಲ್ದಾರ ಎಲ್ಲ ಬಂದುದು ಯಾವ ದಾರಿಯಿಂದ? ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದಾಗ ಹೆಸರಿಗೆ ತಕ್ಕಂತೆ ಪ್ರಪಂಚವನ್ನೇ ಮಕ್ಕಳ ಮುಂದಿಟ್ಟರು. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಬಂದಿತು, ಒಟ್ಟು ಹದಿನಾಲ್ಕು ಸಂಪುಟಗಳಾದವು. ಅದರಲ್ಲಿ ಪರದೇಶದ ನದಿ, ಪರ್ವತ, ಕವಿ, ದೊರೆ ಎಲ್ಲರಿಗೂ ಎಡೆಯಿದೆ. ಕನ್ನಡದ ವಿಶ್ವಕೋಶವೆಂದರೆ ವಿಶ್ವವನ್ನು ಕನ್ನಡದಲ್ಲಿ ಹೇಳುವ ಕೋಶವೇ ಹೊರತು, ಕನ್ನಡದ್ದನ್ನು ಮಾತ್ರ ಹೇಳುವ ಕೋಶವಲ್ಲ.

ಹುಡುಗನು ಇಷ್ಟು ಓದಿ ಹಿಗ್ಗಬಾರದು. ಅವನ ತರ್ಕ ಮಾಸ್ತರರದಕ್ಕಿಂತ ಅಪಾಯದ್ದು. ಲಕ್ಷ ಮಂದಿ ನೋಡುತ್ತಾರೆ, ಸರಿ. ಜಾತ್ರೆಯಲ್ಲಿ ತೊಟ್ಟಿಲನ್ನೂ ಲಕ್ಷ ಮಂದಿ ನೋಡುತ್ತಾರೆ. ತಾಣಗಳ ಜನಪ್ರಿಯತೆಯನ್ನು ಎಣಿಸಿ ಅಂಕಿ ಕೊಡುತ್ತಿದ್ದ ಅಲೆಕ್ಸಾ ಎಂಬ ಅಮೆಜಾನಿನ ಸೇವೆಯೊಂದಿತ್ತು. ಎಷ್ಟೋ ವಾದಗಳಲ್ಲಿ ಅದರ ಅಂಕಿಯನ್ನೇ ಬ್ರಹ್ಮಾಸ್ತ್ರದಂತೆ ಬಿಡುತ್ತಿದ್ದರು. 2022ರ ಮೇ 1ರಂದು ಅದೇ ಬಾಗಿಲು ಹಾಕಿತು! ಒಂದು ಕಾಲಕ್ಕೆ ನಮ್ಮ ಹುಡುಗರೆಲ್ಲ ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಆದರೂ ಇಂದಿಗೂ ಆರ್ಕುಟ್ಟಿನ ಮೇಲೆ ನೆಟ್ಟಗೆ ಒಂದು ಲೇಖನ ಬರೆಯಬಹುದು. ಏಕೆಂದರೆ ಅದು ಬದುಕಿದ್ದಾಗ ಅದರ ಕುರಿತು ಪತ್ರಕರ್ತರೂ ಸಂಶೋಧಕರೂ ಬರೆದಿಟ್ಟಿದ್ದಾರೆ. ಉಳಿಯುವುದು ಆ ಬರಹ; ನೆರೆದ ಮಂದಿಯಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಆ ತಾಣದ ಹಂಗಿಲ್ಲದವರು, ಅದರಿಂದ ಕಾಸು ಪಡೆಯದವರು, ಅದರ ಬಗ್ಗೆ ನಾಲ್ಕು ಗಟ್ಟಿ ಮಾತು ಬರೆದಿದ್ದಾರೆಯೇ? ಬರೆದುದು ಉರ್ದುವಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಅಡ್ಡಿಯಿಲ್ಲ. ವಿಕಿಪೀಡಿಯದ ನಿಯಮದ ತಿರುಳೂ ಇದೇ. ತಾಣವು ತನ್ನನ್ನು ತಾನೇ ಹೊಗಳಿಕೊಂಡ ಪುಟವನ್ನು ಕನ್ನಡಿಸಿದರೆ ಅದು ಲೇಖನವಲ್ಲ, ಜಾಹೀರಾತು. ಈ ಅಳತೆಗೆ ನಿಲ್ಲದ ಸಿನಿಮಾ ಸುದ್ದಿಯ ತಾಣಗಳು ತೆಲುಗಿನಲ್ಲಿ ಬೇಕಾದಷ್ಟಿವೆ, ಕನ್ನಡದಲ್ಲಿಯೂ ಇವೆ. ಕನ್ನಡದ್ದೆಂಬ ಮಮತೆಯಿಂದ ಅವನ್ನು ಹಿತ್ತಿಲ ಬಾಗಿಲಿನಿಂದ ಒಳಬಿಡುವುದೂ ಸಲ್ಲದು. ಮಾಸ್ತರರಿಗೆ ಇದು ರುಚಿಸದೆಂದು ಬಲ್ಲೆ.

ರೇಖ್ತಾದ ಮಾತು ಬೇರೆ. 2013ರಲ್ಲಿ ಸಂಜೀವ್ ಸರಾಫ್ ಎಂಬ ಉದ್ಯಮಿ ಇದನ್ನು ತೆರೆದರು. ಒಂದೇ ಪದ್ಯವನ್ನು ಉರ್ದು, ನಾಗರಿ, ರೋಮನ್ ಮೂರು ಲಿಪಿಗಳಲ್ಲಿ ಓದಬಹುದು. ಅರಿಯದ ಪದವನ್ನು ಒತ್ತಿದರೆ ಅರ್ಥ ತೆರೆಯುತ್ತದೆ. ಲಕ್ಷಕ್ಕೂ ಮಿಕ್ಕಿ ಹಳೆಯ ಪುಸ್ತಕಗಳು ಅಲ್ಲಿವೆ. 2015ರಿಂದ ದಿಲ್ಲಿಯಲ್ಲಿ ಉತ್ಸವ ನಡೆಸುತ್ತ ಬಂದಿದೆ. ಹೊಗಳಿದವರಿದ್ದಾರೆ, ಜರೆದವರೂ ಇದ್ದಾರೆ. ನಾಗರಿಯಲ್ಲಿ ಓದುವ ಸೌಲಭ್ಯವೇ ಉರ್ದು ಲಿಪಿಯ ಬೇರನ್ನು ಕೊರೆಯುತ್ತದೆಂದು ಕೆಲವರ ಆಕ್ಷೇಪ. 2023ರಲ್ಲಿ ಉತ್ಸವದ ಪ್ರಚಾರದಲ್ಲಿ ‘ಉರ್ದು’ ಎನ್ನುವ ಬದಲು ‘ಹಿಂದುಸ್ತಾನಿ’ ಎಂದುದಕ್ಕೆ ದೊಡ್ಡ ಗದ್ದಲವೇ ಎದ್ದಿತು. ಲಿಪಿ ಹೋದರೆ ಭಾಷೆ ಉಳಿದೀತೇ, ಹೆಸರು ಬದಲಾದರೆ ಭಾಷೆ ಯಾರದಾದೀತು — ಗಡಿಯಲ್ಲಿ ಬಾಳುವ ಕನ್ನಡಿಗನಿಗೆ ಈ ಪ್ರಶ್ನೆಗಳು ಪರಕೀಯವೇ?

ಹುಡುಗನಿಗೆ ಉರ್ದು ಲಿಪಿ ಬಾರದು. ಶಾಲೆಯ ಹಿಂದಿಯ ಬಲದಿಂದ ನಾಗರಿಯಲ್ಲಿ ಓದುತ್ತಾನೆ. ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ದಖನಿ ಕವಿ ಸುಲೇಮಾನ್ ಖತೀಬರು ಅವನಿಗೆ ಸಿಕ್ಕಿದ್ದು ಆ ತಾಣದಲ್ಲಿ. ನಮ್ಮ ನೆಲದ ಕವಿಯನ್ನು ನಮ್ಮ ಹುಡುಗ ದಿಲ್ಲಿಯ ಕಡೆಯ ಅಂಗಡಿಯಲ್ಲಿ ಕಂಡುಕೊಂಡ. ಆ ಅಂಗಡಿ ಯಾರದು, ಹೇಗೆ ನಡೆಯುತ್ತದೆ, ಅದರ ಮೇಲಿನ ದೂರೇನು ಎಂದು ತಿಳಿಯಲು ಅವನು ಮತ್ತೆ ಇಂಗ್ಲಿಷಿಗೋ ಹಿಂದಿಗೋ ಕೈಯೊಡ್ಡಬೇಕೇ?

ತಮ್ಮಾ, ಲೇಖನವನ್ನು ಬರೆ. ‘ಲಕ್ಷಾಂತರ ಜನಪ್ರಿಯ’ ಎಂಬ ಮೊದಲ ವಾಕ್ಯವನ್ನು ಹೊಡೆದುಹಾಕು; 2023ರ ಗದ್ದಲವನ್ನು ಮರೆಯದೆ ಸೇರಿಸು; ಪ್ರತಿಯೊಂದು ಮಾತಿಗೂ ಎಲ್ಲಿ ಓದಿದೆಯೆಂದು ಕಾಣಿಸು. ಬಳಿಕ ಅದನ್ನು ಮಾಸ್ತರರಿಗೆ ಒಯ್ದು ತೋರಿಸು. ಅವರು ಒಪ್ಪಲಾರರು, ಆದರೆ ಕಾಗುಣಿತದ ತಪ್ಪನ್ನು ತಿದ್ದದೆ ಹಿಂದಿರುಗಿಸುವವರೂ ಅಲ್ಲ.