ಮಗಳ ಮುಟ್ಟು ತಡವಾದಾಗ ಮನೆಯವರ ಕರ್ತವ್ಯ

ಹದಿಹರೆಯದ ಮಗಳ ಮುಟ್ಟು ಕೆಲವು ವಾರ ತಡವಾಯಿತೆಂದರೆ ನಮ್ಮ ಅನೇಕ ಕುಟುಂಬಗಳಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ವಿಷಯವನ್ನು ಮುಚ್ಚಿಡಲಾಗುತ್ತದೆ. ಇಲ್ಲವೇ ತಾಯಿಯ ಮುಖದಲ್ಲಿ ಸಂಶಯ ಮೂಡಿ, ಯಾವ ತಪ್ಪನ್ನೂ ಮಾಡದ ಹುಡುಗಿ ಅಪರಾಧಿಯಂತೆ ತಲೆ ತಗ್ಗಿಸಬೇಕಾಗುತ್ತದೆ. ಈ ಮೌನವೂ ಈ ಸಂಶಯವೂ ಸಮಾನವಾಗಿ ಹಾನಿಕರ. ನಾಡಿಬಡಿತ, ರಕ್ತದೊತ್ತಡಗಳಂತೆ ಋತುಚಕ್ರವೂ ದೇಹಸ್ಥಿತಿಯನ್ನು ತಿಳಿಸುವ ಲಕ್ಷಣವೆಂದು ವೈದ್ಯಶಾಸ್ತ್ರ ಇಂದು ಪರಿಗಣಿಸುತ್ತದೆ. ಅದನ್ನು ಶೀಲದ ಸಾಕ್ಷಿಯಾಗಿ ಕಾಣದೆ ಆರೋಗ್ಯದ ಸಾಕ್ಷಿಯಾಗಿ ಕಾಣಲು ನಾವು ಕಲಿಯಬೇಕಾಗಿದೆ.

ಮಿದುಳಿನ ಹೈಪೋಥಲಮಸ್, ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿ ಹಾಗೂ ಅಂಡಾಶಯಗಳು ಹೊಂದಿಕೊಂಡು ಕೆಲಸ ಮಾಡಿದಾಗ ಮಾತ್ರ ಮುಟ್ಟು ಕ್ರಮಬದ್ಧವಾಗುತ್ತದೆ. ಮೈನೆರೆದ ಮೊದಲ ಎರಡು ಮೂರು ವರ್ಷಗಳಲ್ಲಿ ಈ ಹೊಂದಾಣಿಕೆ ಪೂರ್ಣವಾಗಿರುವುದಿಲ್ಲ. ಕೆಲವು ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಆದ್ದರಿಂದ 28 ದಿನಗಳ ಲೆಕ್ಕವನ್ನು ಎಲ್ಲ ಹುಡುಗಿಯರ ಮೇಲೂ ಹೇರುವುದು ಸರಿಯಲ್ಲ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ 21ರಿಂದ 45 ದಿನಗಳ ಅಂತರ ಆ ವಯಸ್ಸಿನಲ್ಲಿ ಸಹಜವೇ.

ಆಹಾರ ಸಾಲದೆ ಹೋದಾಗಲೂ ಮನಸ್ಸಿನ ಮೇಲೆ ಒತ್ತಡ ಹೆಚ್ಚಿದಾಗಲೂ ಮಿದುಳು ಈ ಚಕ್ರವನ್ನು ತಡೆಹಿಡಿಯಬಲ್ಲದು. ನಮ್ಮಲ್ಲಿ ತಪಸ್ಸುಕಾಲ ಮತ್ತು ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಪರೀಕ್ಷೆಗಳು ಬಹುಮಟ್ಟಿಗೆ ಒಟ್ಟಿಗೇ ಬರುತ್ತವೆ. ನಿದ್ದೆಗೆಟ್ಟು ಓದುವ ಹುಡುಗಿ ಊಟವನ್ನೂ ಬಿಟ್ಟರೆ ಮುಟ್ಟು ತಪ್ಪುವುದರಲ್ಲಿ ಆಶ್ಚರ್ಯವೇನು? 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಮಾಂಸವರ್ಜನೆಯ ನಿಯಮ 14 ವರ್ಷ ತುಂಬಿದವರಿಗೆ. ಉಪವಾಸದ ನಿಯಮವಾದರೋ 18 ತುಂಬಿದವರಿಗೆ ಮಾತ್ರ. ಧರ್ಮಸಭೆಯೇ ವಿಧಿಸದ ಭಾರವನ್ನು ಬೆಳೆಯುವ ಮಕ್ಕಳ ಮೇಲೆ ನಾವು ಹೊರಿಸುವುದು ಬೇಡ. ಬಹುಕಾಲ ಮುಟ್ಟು ನಿಂತರೆ, ಬಲಿಯಬೇಕಾದ ವಯಸ್ಸಿನಲ್ಲೇ ಮೂಳೆಗಳು ದುರ್ಬಲಗೊಳ್ಳುವ ಅಪಾಯವಿದೆ. ತ್ಯಾಗವನ್ನು ಕಲಿಸಲು ಬೇರೆ ದಾರಿಗಳಿವೆ.

ಹಾಗೆಂದು ಎಲ್ಲವನ್ನೂ ವಯಸ್ಸಿನ ಗುಣವೆಂದು ತಳ್ಳಿಹಾಕಲಾಗದು. 13 ವರ್ಷವಾದರೂ ಸ್ತನಗಳ ಬೆಳವಣಿಗೆ ಆರಂಭವಾಗದಿದ್ದರೆ, 15 ತುಂಬಿದರೂ ಮೈನೆರೆಯದಿದ್ದರೆ, ಅಥವಾ 90 ದಿನ ಕಳೆದರೂ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಮೈನೆರೆಯದ ಹುಡುಗಿಗೆ ತಿಂಗಳು ತಿಂಗಳೂ ಕಿಬ್ಬೊಟ್ಟೆ ನೋಯುತ್ತಿದ್ದರೆ ಸ್ರಾವದ ದಾರಿಯೇ ಮುಚ್ಚಿರಬಹುದು. ಮುಖದ ಮೇಲೆ ಒರಟು ಕೂದಲು, ಹೆಚ್ಚಾದ ಮೊಡವೆಗಳು ಪಿ.ಸಿ.ಓ.ಎಸ್. ಎಂಬ ತೊಂದರೆಯನ್ನು ಸೂಚಿಸಬಹುದು. ಥೈರಾಯಿಡ್ ಗ್ರಂಥಿಯ ದೋಷವೂ ಕಾರಣವಾಗಿರಬಹುದು. ಇವೆಲ್ಲಕ್ಕೂ ಚಿಕಿತ್ಸೆಯಿದೆ. ವೈದ್ಯರನ್ನು ಕೇಳದೆ ಔಷಧದಂಗಡಿಯಿಂದ ಮುಟ್ಟು ಬರಿಸುವ ಮಾತ್ರೆ ತಂದು ನುಂಗಿಸುವುದು ಮಾತ್ರ ತಪ್ಪು.

ವೈದ್ಯರು ಗರ್ಭ ಪರೀಕ್ಷೆಗೆ ಸೂಚಿಸಿದರೆ ಅದನ್ನು ಅಪಮಾನವೆಂದು ಭಾವಿಸಬಾರದು. ಅದು ತಪಾಸಣೆಯ ಸಾಮಾನ್ಯ ಕ್ರಮ. ಒಂದು ವೇಳೆ ಫಲಿತಾಂಶ ಹೌದೆಂದೇ ಬಂದರೂ ಆ ಮಗುವಿಗೆ ಮೊದಲು ಬೇಕಾದುದು ರಕ್ಷಣೆ. ಅವಳ ಮೇಲೆ ಯಾರಾದರೂ ದೌರ್ಜನ್ಯ ಎಸಗಿರಲೂಬಹುದು. ಮನೆಯ ಬಾಗಿಲು ಮುಚ್ಚಿದರೆ ಅವಳು ಎಲ್ಲಿಗೆ ಹೋಗಬೇಕು?

"ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎನ್ನುವ ಹಿರಿಯರಿದ್ದಾರೆ. ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ದರೆ ಜನ ಏನೆಂದಾರು, ನಾಳೆ ಸಂಬಂಧ ಕೂಡಿಬರುವುದೇ ಎಂಬ ಅಳುಕೂ ಇದೆ. ಮದುವೆ ಯಾವ ಕಾಯಿಲೆಗೂ ಔಷಧವಲ್ಲ. ಜನರ ಬಾಯಿಗೆ ಹೆದರಿ ಮಗಳ ಆರೋಗ್ಯವನ್ನು ಕಡೆಗಣಿಸುವುದು ಯಾವ ಪ್ರೀತಿ? ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಅವುಗಳ ಉಪಯೋಗವನ್ನು ಪಡೆಯಬೇಕು.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯ ವೃತ್ತಾಂತ ಮಾರ್ಕನ ಶುಭಸಂದೇಶದಲ್ಲಿದೆ. ಜನಸಂದಣಿಯಲ್ಲಿ ಅಡಗಿ ಬಂದ ಅವಳನ್ನು ಯೇಸುಸ್ವಾಮಿ ಗದರಿಸಲಿಲ್ಲ. ಮಗಳೆಂದು ಕರೆದು ಸಮಾಧಾನದಿಂದ ಕಳುಹಿಸಿದರು. ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಅಂತಹ ಸ್ವಾಗತ ಸಿಗಬೇಡವೇ? ಮುಟ್ಟಿನ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕುವ ಅಭ್ಯಾಸವನ್ನು ತಾಯಂದಿರು ಮಕ್ಕಳಿಗೆ ಕಲಿಸಲಿ. ತಂದೆಯಂದಿರು ಅದಕ್ಕೆ ಬೆಂಬಲವಾಗಿ ನಿಲ್ಲಲಿ. ಮುಟ್ಟು ತಡವಾದ ದಿನ ಮಗಳು ಭಯಪಡದೆ ಬಂದು ಹೇಳಬಲ್ಲ ಮನೆ ನಮ್ಮದಾಗಿರಲಿ.