ಎರಡೂವರೆ ಲಕ್ಷದ ಕಣ್ಣು ಯಾರಿಗೆ?

ಹಕ್ಕಿ ನೋಡುವವರ ಜೊತೆ ಒಂದು ಸಂಜೆ ಕೂತು ನೋಡಿ. ಹಕ್ಕಿಯ ಮಾತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬೈನಾಕ್ಯುಲರಿನ ಮಾತು ಊಟ ಮುಗಿದರೂ ಮುಗಿಯುವುದಿಲ್ಲ. ಸ್ವರೋವ್‌ಸ್ಕಿಯ ಎನ್‌ಎಲ್ ಪ್ಯೂರ್ ಮೇಲೋ, ಜೈಸ್‌ನ ವಿಕ್ಟರಿ ಎಸ್‌ಎಫ್ ಮೇಲೋ? ಲೈಕಾ ನಾಕ್ಟಿವಿಡ್‌ನಲ್ಲಿ ಬಣ್ಣ ಬೇರೆ ಥರ ತುಂಬಿ ಬರುತ್ತದಂತೆ, ಹೌದಾ? ಅಂಚಿನವರೆಗೂ ಚಿತ್ರ ಚೂಪಾಗಿದೆಯಾ? ಈ ಮೂರರಲ್ಲಿ ಯಾವುದನ್ನು ಕೊಂಡರೂ ಲಕ್ಷಗಳ ಮಾತು. ಎನ್‌ಎಲ್ ಪ್ಯೂರ್ ಎರಡೂವರೆ ಲಕ್ಷ ರೂಪಾಯಿ ದಾಟುತ್ತದೆ. ಯುಜಿಸಿ ಕೊಡುವ ಜೆಆರ್‌ಎಫ್ ತಿಂಗಳಿಗೆ 37,000. ಅಂದರೆ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಏಳು ತಿಂಗಳ ಅನ್ನ.

ನಾನು ಈ ಮಾತುಗಳಿಂದ ಹೊರಗಿದ್ದವನೇನಲ್ಲ. ರಾತ್ರಿ ಥೀಸಿಸ್ ಬರೆಯಬೇಕಾದ ಹೊತ್ತಿನಲ್ಲಿ ಈ ಮೂರನ್ನೂ ಹೋಲಿಸುವ ಬರಹಗಳನ್ನು ಓದುತ್ತ ಕೂತದ್ದು ಎಷ್ಟು ಸಲವೋ. ಹಾಗಾಗಿ ಇಲ್ಲಿ ಬೈಯುತ್ತಿರುವುದರಲ್ಲಿ ಒಂದು ಪಾಲು ನನಗೂ ಸೇರಿದ್ದು.

ಕಳೆದ ಫೆಬ್ರವರಿಯಲ್ಲಿ ಪರಿಚಯದ ಹಿರಿಯರೊಬ್ಬರು ತಮ್ಮ ಎನ್‌ಎಲ್ ಪ್ಯೂರ್ 8×42 ಅನ್ನು ಹತ್ತು ದಿನದ ಮಟ್ಟಿಗೆ ನನ್ನ ಕೈಗೆ ಕೊಟ್ಟರು. ನನ್ನ ಬಳಿ ಕಂತಿನಲ್ಲಿ ಕೊಂಡ ನಿಕಾನ್ ಮೊನಾರ್ಕ್ ಎಂ7 8×42 ಇತ್ತು. ಅದರ ಬೆಲೆ ನಲವತ್ತು ಸಾವಿರದ ಆಸುಪಾಸು. ವಿಭಾಗದ ಕಪಾಟಿನಲ್ಲಿ ಒಲಿಂಪಸ್‌ನ ಹಳೆಯ ಪೊರೋ ಪ್ರಿಸಂ 8×40 ಒಂದಿತ್ತು, ಹತ್ತು ಸಾವಿರದೊಳಗಿನದು. ಮೂರನ್ನೂ ಚೀಲಕ್ಕೆ ಹಾಕಿಕೊಂಡು ದಾಂಡೇಲಿ, ಹಳಿಯಾಳ, ಮುಂಡಗೋಡ, ಜೋಯಿಡಾ ಸುತ್ತಿದೆ. ಬೈನಾಕ್ಯುಲರ್ ಪರೀಕ್ಷೆಗೆ ಈ ನಾಲ್ಕು ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನದಿಯಂಚಿನ ಕಾಡು, ಹೊಲದ ಬಯಲು, ಕೆರೆಯ ನೀರು, ಹಗಲಲ್ಲೂ ಮಬ್ಬು ಬಿಡದ ನಿತ್ಯಹಸುರು ಎಲ್ಲವೂ ಒಂದು ದಿನದ ಬಸ್ ಪ್ರಯಾಣದೊಳಗಿವೆ.

ಮೊದಲು ದಾಂಡೇಲಿ. ಇಲ್ಲಿನ ಮರದ ಡಿಪೋ ಹಕ್ಕಿಪ್ರಿಯರಿಗೆಲ್ಲ ಗೊತ್ತು. ಬೆಳಗಿನ ಜಾವ ಆಲ, ಬಸರಿ, ಅತ್ತಿಯಂಥ ಹಣ್ಣಿನ ಮರಗಳಿಗೆ ಮಂಗಟ್ಟೆಗಳು ಬರುತ್ತವೆ. ಕರ್ನಾಟಕದಲ್ಲಿರುವ ನಾಲ್ಕೂ ಜಾತಿಯ ಮಂಗಟ್ಟೆಗಳು ಈ ಸೀಮೆಯಲ್ಲಿವೆ. 2011ರಲ್ಲಿ ಇಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಆರು ಗಂಟೆಯ ಮಬ್ಬಿನಲ್ಲಿ ಮೂರನ್ನೂ ಒಂದಾದ ಮೇಲೊಂದು ಕಣ್ಣಿಗಿಟ್ಟೆ. ಎನ್‌ಎಲ್ ಪ್ಯೂರ್ ಗೆದ್ದಿತು, ಸುಳ್ಳು ಹೇಳುವುದಿಲ್ಲ. ಮಂಗಟ್ಟೆಯ ಕೊಕ್ಕಿನ ಮೇಲಿನ ಕಪ್ಪು ಮಚ್ಚೆಯ ಅಂಚು ಅದರಲ್ಲಿ ಬಿಡಿಸಿಟ್ಟಂತೆ ಕಂಡಿತು. ಆದರೆ ಎಷ್ಟರಿಂದ ಗೆದ್ದಿತು ಎಂಬುದನ್ನು ನೋಡಬೇಕು.

ಮಬ್ಬಿನಲ್ಲಿ ಮುಖ್ಯವಾಗುವುದು ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ. ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಅದು ಸಿಗುತ್ತದೆ. 42 ಅನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್. ಹತ್ತು ಸಾವಿರದ್ದಿರಲಿ, ಎರಡೂವರೆ ಲಕ್ಷದ್ದಿರಲಿ, 8×42 ಆದರೆ ಈ ಲೆಕ್ಕ ಬದಲಾಗುವುದಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗುವುದೂ ಕಡಿಮೆಯಾಗುತ್ತದೆ. ಎರಡೂವರೆ ಲಕ್ಷ ಕೊಡಬಲ್ಲವರ ವಯಸ್ಸು ಸಾಮಾನ್ಯವಾಗಿ ಎಷ್ಟಿರುತ್ತದೆ ಎಂಬುದನ್ನು ನಿಮಗೇ ಬಿಡುತ್ತೇನೆ. ಉಳಿದದ್ದು ಗಾಜು ಮತ್ತು ಲೇಪನ. ಅತ್ಯುತ್ತಮವಾದದ್ದು ಒಳಬಂದ ಬೆಳಕಿನ ಶೇ. 90ಕ್ಕಿಂತ ತುಸು ಹೆಚ್ಚನ್ನು ಕಣ್ಣಿಗೆ ಮುಟ್ಟಿಸುತ್ತದೆ. ಒಳ್ಳೆಯ ಮಧ್ಯಮ ದರ್ಜೆಯದು ಅದಕ್ಕಿಂತ ಕೆಲವೇ ಅಂಶ ಕಡಿಮೆ. ಬೆಳಗಿನ ಹೊತ್ತು ಹತ್ತು ನಿಮಿಷ ಸುಮ್ಮನೆ ಕಾದರೆ ಸೂರ್ಯ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಬೆಳಕನ್ನು ಪುಕ್ಕಟೆ ಕೊಡುತ್ತಾನೆ.

ಇನ್ನು ನೋಟದ ಹರವು. ಸಾವಿರ ಮೀಟರ್ ದೂರದಲ್ಲಿ ಎನ್‌ಎಲ್ ಪ್ಯೂರ್ 159 ಮೀಟರ್ ಅಗಲ ತೋರಿಸುತ್ತದೆ, ಮೊನಾರ್ಕ್ 145. ಕೇಳಲು ದೊಡ್ಡ ಅಂತರ. ಆದರೆ ನಮ್ಮ ಕಾಡಿನಲ್ಲಿ ಸಾವಿರ ಮೀಟರ್ ದೂರಕ್ಕೆ ಯಾವ ಹಕ್ಕಿ ಕಾಣುತ್ತದೆ? ಮೂವತ್ತು ಮೀಟರಿಗೆ ಲೆಕ್ಕ ಹಾಕಿ. ಅದು 4.77 ಮೀಟರ್, ಇದು 4.35. ವ್ಯತ್ಯಾಸ 42 ಸೆಂಟಿಮೀಟರ್, ದೊಡ್ಡ ದಾಸ ಮಂಗಟ್ಟೆಯ ಅರ್ಧ ಮೈಗೂ ಸಾಲದು.

ಹಳಿಯಾಳದ ಬಯಲಿನಲ್ಲಿ ಮಧ್ಯಾಹ್ನದ ಬೆಳ್ಳಗಿನ ಆಕಾಶಕ್ಕೆ ಎದುರಾಗಿ ಬೂದು ಮಂಗಟ್ಟೆ ಕೂತಿತ್ತು. ಹಳೆಯ ಪೊರೋದಲ್ಲಿ ಅದರ ಬೆನ್ನಿಗೆ ನೇರಳೆ ಗೆರೆ ಹತ್ತಿಕೊಂಡಿತು. ಮೊನಾರ್ಕ್‌ನಲ್ಲಿ ಹುಡುಕಿದರೆ ಸಿಗುವಷ್ಟು ಇತ್ತು. ಎನ್‌ಎಲ್‌ನಲ್ಲಿ ಹುಡುಕಿದರೂ ಸುಲಭಕ್ಕೆ ಸಿಗಲಿಲ್ಲ. ಹಕ್ಕಿ ಯಾವುದೆಂದು ಮೂರರಲ್ಲೂ ಗೊತ್ತಾಯಿತು.

ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ ಮಾತ್ರ ದುಬಾರಿ ಗಾಜಿಗೆ ತಲೆಬಾಗಿದೆ. ಅದು ತೆರೆದ ನೀರು. ಚಮಚದ ಕೊಕ್ಕಿನ ಹಕ್ಕಿಗಳು, ನೀರುಕಾಗೆಗಳು, ಕೊಕ್ಕರೆಗಳು ದೂರದ ದಡದುದ್ದಕ್ಕೂ ಸಾಲಾಗಿ ಕೂತಿರುತ್ತವೆ. ಅಂಚಿನವರೆಗೂ ಚೂಪಾದ ಚಿತ್ರ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ. ಬೈನಾಕ್ಯುಲರ್ ಅಲುಗಿಸದೆ ಇಡೀ ಸಾಲನ್ನು ಎಣಿಸಬಹುದು. ಆದರೂ ದಿನವಿಡೀ ನೀರುಹಕ್ಕಿ ಎಣಿಸುವವರಿಗೆ ಅಷ್ಟು ಹಣವಿದ್ದರೆ ಸ್ಪಾಟಿಂಗ್ ಸ್ಕೋಪ್ ಕೊಳ್ಳುವುದು ಇನ್ನೂ ಜಾಣತನ.

ಕೊನೆಗೆ ಜೋಯಿಡಾ. ಈ ಲೇಖನ ಹುಟ್ಟಿದ್ದು ಅಲ್ಲಿ.

ಅಲ್ಲಿ ನನ್ನ ಜೊತೆ ಕಾಡಿಗೆ ಬರುವ ಅಣ್ಣನೊಬ್ಬನಿದ್ದಾನೆ. ಕುಣಬಿ ರೈತ, ಐವತ್ತು ದಾಟಿದವನು. ನನ್ನ ಥೀಸಿಸ್ಸಿನಲ್ಲಿರುವ ಮಂಗಟ್ಟೆ ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವನು ತೋರಿಸಿದ್ದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳೊಂದರಿಂದ ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಉಣಿಸುತ್ತದೆ. ಇಂಥ ಗೂಡನ್ನು ಹುಡುಕುವುದು ಗಾಜಿನ ಕೆಲಸವಲ್ಲ. ಮರದ ಬುಡದಲ್ಲಿ ಬಿದ್ದ ಹಿಕ್ಕೆ, ಕಾಸರಕದ ಬೀಜ, ರೆಕ್ಕೆಯ ಸದ್ದು ಬಂದ ದಿಕ್ಕು ಇವುಗಳನ್ನು ಓದಬಲ್ಲವರ ಕೆಲಸ. ಎರಡು ಋತು ಅವನ ಹಿಂದೆ ನಡೆದಿದ್ದೇನೆ. ಆ ಎರಡೂ ಋತುವಿನಲ್ಲಿ ಬೈನಾಕ್ಯುಲರ್ ನನ್ನ ಕೊರಳಲ್ಲೇ ಇತ್ತು. ಅವನಿಗೆ ಒಂದು ಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ದಿನ ಕೈಯಲ್ಲಿ ಮೂರಿದ್ದವಲ್ಲ, ಮೊನಾರ್ಕ್ ಅನ್ನು ಅವನಿಗೆ ಕೊಟ್ಟೆ. ನೋಡಿ ಕೆಳಗಿಳಿಸಿದ. “ಮಂಜು ಕವಿದಂಗೆ ಕಾಣ್ತದೆ” ಅಂದ. ಎರಡು ಕಣ್ಣಿನ ವ್ಯತ್ಯಾಸ ಸರಿದೂಗಿಸಲು ಬಲಗಡೆ ಒಂದು ಉಂಗುರವಿರುತ್ತದೆ. ಎಡಗಣ್ಣು ಮುಚ್ಚಿಸಿ ಅದನ್ನು ತಿರುಗಿಸಲು ಹೇಳಿಕೊಟ್ಟೆ. ತಿರುಗಿಸಿದ, ಇನ್ನೂ ತಿರುಗಿಸಿದ, ಉಂಗುರ ಕೊನೆಗೆ ಬಂದು ನಿಂತಿತು. ಆಗಲೂ ಚಿತ್ರ ಸರಿಯಾಗಲಿಲ್ಲ. ಬಲಗಣ್ಣು ಯಾವಾಗಿನಿಂದ ಹೀಗಿದೆ ಎಂದರೆ ಅವನಿಗೂ ನೆನಪಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಕಣ್ಣು ತೋರಿಸಿಕೊಂಡವನಲ್ಲ. ನನ್ನ ಚೀಲದಲ್ಲಿ ಎರಡೂವರೆ ಲಕ್ಷದ ಗಾಜು ಇತ್ತು. ಅಷ್ಟು ಗೂಡು ಹುಡುಕಿಕೊಟ್ಟ ಮನುಷ್ಯನ ಮುಖದ ಮೇಲೆ ಸಾವಿರ ರೂಪಾಯಿಯ ಕನ್ನಡಕವೂ ಇರಲಿಲ್ಲ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಬೈನಾಕ್ಯುಲರ್‌ಗಳ ಹೋಲಿಕೆಯಲ್ಲಿ ನಾವು ಸದಾ ಏಣಿಯ ಮೇಲಿನ ಕೊನೆಯ ಎರಡು ಮೆಟ್ಟಿಲುಗಳನ್ನೇ ಅಳೆಯುತ್ತೇವೆ. ಏನೂ ಇಲ್ಲದ ಕೈಗೆ ಹತ್ತು ಸಾವಿರದ ಪೊರೋ ಬಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಬರುತ್ತದೆ. ಅಲ್ಲಿಂದ ನಲವತ್ತು ಸಾವಿರಕ್ಕೆ ಏರಿದರೆ ನೀರು ಹೊಗದಂತೆ ಮುಚ್ಚಿ ಒಳಗೆ ಸಾರಜನಕ ತುಂಬಿದ ಮೈ ಸಿಗುತ್ತದೆ. ಜೋಯಿಡಾದ ಮಳೆಯಲ್ಲಿ ಇದು ಬದುಕಿನ ಪ್ರಶ್ನೆ. ನಮ್ಮ ವಿಭಾಗದ ಪೊರೋದೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿದೆ. ಒಳ್ಳೆಯ ಲೇಪನ, ಬಣ್ಣದ ಗೆರೆ ತಗ್ಗಿಸುವ ಇಡಿ ಗಾಜು ಕೂಡ ಈ ಮೆಟ್ಟಿಲಲ್ಲೇ ಬರುತ್ತವೆ. ಅಲ್ಲಿಂದ ಎರಡೂವರೆ ಲಕ್ಷಕ್ಕೆ ಹಾರಿದರೆ ಸಿಗುವುದು ಆ 42 ಸೆಂಟಿಮೀಟರ್, ಚೂಪು ಅಂಚು, ಬೆಣ್ಣೆಯಂಥ ಫೋಕಸ್ ಚಕ್ರ. ಜೊತೆಗೆ ಕೊರಳಿಗೆ 170 ಗ್ರಾಂ ಹೆಚ್ಚಿನ ಭಾರ. ಈಗ 2024ರಲ್ಲಿ ಬಂದ ಸ್ವರೋವ್‌ಸ್ಕಿಯ ಎಎಕ್ಸ್ ವಿಸಿಯೋ ಹಕ್ಕಿಯ ಹೆಸರನ್ನೂ ತಾನೇ ಹೇಳುತ್ತದೆ. ಹೆಸರು ಹೇಳುವ ಮನುಷ್ಯ ಪಕ್ಕದಲ್ಲೇ ನಿಂತಿರುವಾಗಲೂ ನಾವು ಅದನ್ನು ಕೊಳ್ಳುತ್ತೇವೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಸ್ವಂತ ದುಡ್ಡು, ಸ್ವಂತ ಸುಖ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಒಳ್ಳೆಯ ಗಾಜಿನಲ್ಲಿ ಕಾಕರಣೆ ಹಕ್ಕಿಯ ಎದೆಯ ಕೆಂಪನ್ನು ನೋಡುವುದು ನಿಜವಾದ ಸುಖ, ಹತ್ತು ದಿನ ಅನುಭವಿಸಿದ್ದೇನೆ. ಜಗಳ ಇರುವುದು ಸಾರ್ವಜನಿಕ ಹಣದ ಜೊತೆ, ಸಂಶೋಧನಾ ಯೋಜನೆಗಳ ಜೊತೆ, ಹಕ್ಕಿಯ ಹೆಸರಲ್ಲಿ ನಡೆಯುವ ಉತ್ಸವ, ಶಿಬಿರಗಳ ಜೊತೆ. ನಮ್ಮ ಪ್ರಾಜೆಕ್ಟ್ ಅರ್ಜಿಗಳಲ್ಲಿ ‘ಉಪಕರಣ’ ಎಂಬ ಸಾಲು ಒಂದು ಕಡೆ, ‘ದಿನಗೂಲಿ’ ಎಂಬ ಸಾಲು ಇನ್ನೊಂದು ಕಡೆ ಇರುತ್ತದೆ. ನೋಡುವವರು ಮೊದಲ ಸಾಲಿನಲ್ಲಿ, ನಡೆಯುವವರು ಎರಡನೆಯದರಲ್ಲಿ. ಇದು ಯಾರೋ ದುಷ್ಟರು ಮಾಡಿದ ಏರ್ಪಾಡಲ್ಲ. ನಾವೆಲ್ಲ ಹಿಂದಿನವರ ಅರ್ಜಿಯನ್ನು ನಕಲು ಮಾಡುತ್ತ ಬಂದಿದ್ದೇವೆ, ಅಷ್ಟೇ.

ನಕಲು ಹಳೆಯದು. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಜೇಮ್ಸ್ ಡೇವಿಡ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಈ ಜಿಲ್ಲೆಯ ಹಕ್ಕಿಗಳ ಬಗ್ಗೆ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಆಗ ಹಕ್ಕಿ ಗುರುತಿಸುವ ಮುಖ್ಯ ಉಪಕರಣ ಬಂದೂಕು. ಹೆಸರು ಖಚಿತವಾಗಬೇಕಾದರೆ ಹಕ್ಕಿ ಕೈಗೆ ಸಿಗಬೇಕಿತ್ತು. ನಾವೀಗ ಬಂದೂಕು ಇಳಿಸಿ ಗಾಜು ಎತ್ತಿಕೊಂಡಿದ್ದೇವೆ, ಒಳ್ಳೆಯದೇ. ಆದರೆ ಉಪಕರಣ ಒಬ್ಬನ ಕೈಯಲ್ಲಿ, ದಾರಿ ಇನ್ನೊಬ್ಬನ ಕಾಲಿನಲ್ಲಿ ಎಂಬ ಏರ್ಪಾಡು ಹಾಗೆಯೇ ಉಳಿದಿದೆ.

“ಒಳ್ಳೆಯ ಉಪಕರಣವಿದ್ದರೆ ತಾನೆ ಒಳ್ಳೆಯ ಮಾಹಿತಿ?” ಎಂದು ಕೇಳುತ್ತಾರೆ. ಮಂಗಟ್ಟೆಯ ಗೂಡಿನ ಮಾಹಿತಿ ಬರುವುದು ಗಂಡು ದಿನಕ್ಕೆ ಎಷ್ಟು ಸಲ ಬಂತು, ಏನು ತಂದಿತು, ಮರಿ ಯಾವಾಗ ಹಾರಿತು ಎಂಬುದರಿಂದ. ಅದಕ್ಕೆ ಬೇಕಾದದ್ದು ದೂರ ಕೂತು ಗಂಟೆಗಟ್ಟಲೆ ಕಾಯುವ ಮನುಷ್ಯ. ಎರಡೂವರೆ ಲಕ್ಷದ ಒಂದು ಗಾಜು ಒಂದು ಮರವನ್ನು ನೋಡುತ್ತದೆ. ನಲವತ್ತು ಸಾವಿರದ ಆರು ಗಾಜುಗಳು ಆರು ಮರಗಳನ್ನು. ಲೆಕ್ಕಕ್ಕೆ ಸಂಖ್ಯಾಶಾಸ್ತ್ರದ ಪದವಿ ಬೇಡ. ಇನ್ನೊಂದು ಮಾತೂ ಇದೆ. ಗಾಜಿಲ್ಲದವನು ನೋಡಬೇಕಾದರೆ ಗೂಡಿನ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಗಂಡು ಹಕ್ಕಿ ಬೆದರಿ ದೂರವೇ ಉಳಿಯಬಹುದು. ಒಳಗೆ ಮುಚ್ಚಿಕೊಂಡ ಹೆಣ್ಣಿಗೆ ಬೇರೆ ಊಟದ ದಾರಿಯಿಲ್ಲ.

“ಕೊಟ್ಟರೆ ಹಾಳು ಮಾಡುತ್ತಾರೆ, ಕಳೆಯುತ್ತಾರೆ” ಎನ್ನುವವರೂ ಇದ್ದಾರೆ. ನಾನು ಮೊದಲ ವರ್ಷವೇ ಜಿಪಿಎಸ್ ಯಂತ್ರವನ್ನು ಹೊಳೆಗೆ ಬೀಳಿಸಿದೆ. ನನ್ನನ್ನು ಯಾರೂ ಸಂಶೋಧನೆಯಿಂದ ತೆಗೆಯಲಿಲ್ಲ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಅರುಣಾಚಲದ ಪಕ್ಕೆ ಹುಲಿ ಮೀಸಲಿನ ಅಂಚಿನಲ್ಲಿ 2011-12ರಿಂದ ಮಂಗಟ್ಟೆ ಗೂಡು ದತ್ತು ಕಾರ್ಯಕ್ರಮ ನಡೆಯುತ್ತಿದೆ. ನಗರಗಳ ಹಕ್ಕಿಪ್ರಿಯರು ಹಣ ಕೊಡುತ್ತಾರೆ. ನ್ಯಿಶಿ ಸಮುದಾಯದವರು ಸಂಬಳ ಪಡೆದು ಗೂಡುಗಳನ್ನು ಹುಡುಕಿ, ಕಾದು, ದಾಖಲಿಸುತ್ತಾರೆ. ಹಿಂದೆ ಬೇಟೆಯಾಡುತ್ತಿದ್ದವರೂ ಅವರಲ್ಲಿದ್ದಾರೆ. ಅಲ್ಲಿ ನೋಡುವವರೂ ನಡೆಯುವವರೂ ಒಬ್ಬರೇ. ಕುಣಬಿ, ಸಿದ್ದಿ, ಗೌಳಿ ಮನೆಗಳಿರುವ ನಮ್ಮ ಕಾಳಿ ಕಣಿವೆಯಲ್ಲಿ ಇದು ಆಗದು ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಅಣ್ಣನನ್ನು ಮುಂದಿನ ವಾರ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆ, ಸದ್ಯಕ್ಕೆ ಕನ್ನಡಕ ಸಾಕು ಅಂದರು ವೈದ್ಯರು. ಈಗ ಅವನು ಬೈನಾಕ್ಯುಲರಿನ ಕಣ್ಣುಬಟ್ಟಲನ್ನು ತಿರುಗಿಸಿ ಕೆಳಗಿಳಿಸಿ, ಕನ್ನಡಕದ ಮೇಲೆಯೇ ಇಟ್ಟು ನೋಡುತ್ತಾನೆ. ಮೊದಲ ದಿನ ಗೂಡಿನ ಸೀಳಿನಿಂದ ಕೊಕ್ಕಿನ ತುದಿ ಹೊರಬಂದದ್ದನ್ನು ಕಂಡು ನನ್ನನ್ನು ಮರೆತೇಬಿಟ್ಟ. ನನ್ನ ಸರದಿ ಬರಲು ಇಪ್ಪತ್ತು ನಿಮಿಷ ಕಾದೆ.

ಎನ್‌ಎಲ್ ಪ್ಯೂರ್ ಅನ್ನು ಒರೆಸಿ ಅದರ ಒಡೆಯರಿಗೆ ಮರಳಿಸಿದ್ದೇನೆ. ಮೊನಾರ್ಕ್ ಜೋಯಿಡಾದಲ್ಲೇ ಇದೆ, ಅವನ ಮನೆಯ ಗೂಟದ ಮೇಲೆ. ನಾನು ಬೂಷ್ಟು ಹಿಡಿದ ಪೊರೋದಲ್ಲಿ ಕೆಲಸ ನಡೆಸುತ್ತಿದ್ದೇನೆ. ಮುಂದಿನ ಅರ್ಜಿಯ ಕರಡಿನಲ್ಲಿ ‘ಉಪಕರಣ’ದ ಸಾಲಿಗೆ ಆರು ಬೈನಾಕ್ಯುಲರ್ ಮತ್ತು ಕಣ್ಣಿನ ತಪಾಸಣೆ ಎಂದು ಬರೆದಿದ್ದೇನೆ. ಕಣ್ಣಿನ ತಪಾಸಣೆ ಉಪಕರಣ ಹೇಗಾಗುತ್ತದೆ ಎಂದು ಕಚೇರಿಯಿಂದ ಪ್ರಶ್ನೆ ಬಂದಿದೆ. ಉತ್ತರ ಬರೆಯುತ್ತಿದ್ದೇನೆ.